ಪತ್ತನಾಜೆಗೆ ಮೊದಲು ಬಂದ ನೀರು

ನಮ್ಮ ಮನೆ ಪೈವಳಿಕೆಯ ಕಡೆಯ ಒಂದು ತೋಡಿನ ಬದಿಯಲ್ಲಿತ್ತು. ಮನೆಯಿಂದ ಮೇಲಕ್ಕೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಮಳೆ ನಿಂತ ಮೇಲೆ ಪ್ರತಿವರ್ಷ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಬೇಸಗೆಯಿಡೀ ಅದರ ನೀರು ಧಣಿಗಳ ತೋಟಕ್ಕೆ ಹೋಗುತ್ತಿತ್ತು. ಹೆಚ್ಚಾದದ್ದು ಕಟ್ಟದ ಒಂದು ಬದಿಯಲ್ಲಿ ಬಿಟ್ಟ ಕೋಡಿಯಿಂದ ಹರಿದು ನಮ್ಮ ಕಡೆಗೆ ಇಳಿಯುತ್ತಿತ್ತು. ಬೇಸಗೆಯ ಕೆಲಸಗಳಿಗೆ ಕೊನೆಯ ದಿನವಾದ ಪತ್ತನಾಜೆಯಂದು ಧಣಿಗಳು ತೆಂಗಿನಕಾಯಿ ಒಡೆದು ಮೊದಲ ಹಾರೆ ಹಾಕಬೇಕು, ಆಮೇಲೆ ಉಳಿದವರು ಕಟ್ಟ ಕಡಿಯಬೇಕು. ಮಳೆಗಾಲ ಅದರ ನಂತರವೇ ಬರುತ್ತಿದ್ದುದರಿಂದ ಆ ರೂಢಿಯಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಒಂದು ಬೇಸಗೆಯಲ್ಲಿ ಮೇಲಿನ ಗುಡ್ಡಕ್ಕೆ ಬೆಂಕಿ ಬಿತ್ತು. ಮುಳಿಹುಲ್ಲು, ಕುರುಚಲು ಎಲ್ಲ ಸುಟ್ಟು ಮುರಕಲ್ಲು ಬೋಳಾಗಿ ಕಾಣತೊಡಗಿತು. ಯಾವ ಮನೆಗೂ ತಾಗಲಿಲ್ಲ. ಅಷ್ಟಕ್ಕೇ ಊರು ಬೆಂಕಿಯನ್ನು ಮರೆಯಿತು.

ಆ ಹೊತ್ತಿಗೆ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿತು. ಅಪ್ಪ ತೀರಿಹೋಗಿದ್ದರು, ಬಾಣಂತನಕ್ಕೆ ಅಮ್ಮ ಮತ್ತು ನಾನು. ಮಗು ಹುಟ್ಟಿದ ಮರುದಿನ ಸಂಜೆ ಒಂದು ಮಳೆ ಬಂತು. ದೊಡ್ಡದಲ್ಲ. ಆದರೆ ತೋಡಿನ ನೀರು ಕಪ್ಪಾಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ, ಗುಡ್ಡದಿಂದ ಬಂದ ಅರೆಸುಟ್ಟ ಕೊಂಬೆಗಳು ಕೋಡಿಯ ಬಾಯಿಗೆ ಸಿಕ್ಕಿಕೊಂಡು, ಅವುಗಳ ಮೇಲೆ ಬೂದಿಮಣ್ಣು ಮೆತ್ತಿಕೊಂಡಿತ್ತು. ಅಮ್ಮನೂ ನಾನೂ ಎಳೆದಷ್ಟು ಎಳೆದೆವು. ಅಡಿಯವು ಅಲುಗಲಿಲ್ಲ. ಅಲ್ಲಿಂದ ಅಮ್ಮ ನೇರ ಧಣಿಗಳ ಅಂಗಳಕ್ಕೆ ಹೋದಳು. ನಾನು ಹಿಂದೆ ನಿಂತಿದ್ದೆ.

"ಧಣಿಗಳೇ, ಈ ಸಲ ಕಟ್ಟ ಬೇಗ ಕಡಿಸಬೇಕಿತ್ತು. ಸುಟ್ಟ ಗುಡ್ಡದ ಕೊಂಬೆಗಳು ಬಂದು ಕೋಡಿ ಕಟ್ಟಿಹೋಗಿದೆ. ಮನೆಯಲ್ಲಿ ಬಾಣಂತಿ ಉಂಟು."

"ಪತ್ತನಾಜೆಗೆ ಇನ್ನೆಷ್ಟು ದಿನ ಉಂಟೂಂತ ಗೊತ್ತುಂಟಾ ನಿನಗೆ?"

"ನನಗೆ ಗೊತ್ತುಂಟು. ಮಳೆಗೆ ಗೊತ್ತಿದ್ದ ಹಾಗೆ ಕಾಣುವುದಿಲ್ಲ."

ಜಗಲಿಯಲ್ಲಿ ಎಲೆ ಮಡಚುತ್ತಿದ್ದ ನೆಂಟರೊಬ್ಬರು ನಕ್ಕರು. ಧಣಿಗಳು ನಗಲಿಲ್ಲ.

"ಗುಡ್ಡದ ಬೆಂಕಿ ಆರಿ ಎಷ್ಟು ಕಾಲವಾಯ್ತು ಮಾರಾಯ್ತಿ, ಅದಕ್ಕೂ ಕಟ್ಟಕ್ಕೂ ಎಂತ ಸಂಬಂಧ? ಈಗ ಕಡಿದರೆ ನನ್ನ ತೋಟಕ್ಕೆ ನಿನ್ನ ಬಾಣಂತಿ ನೀರು ಹೊರ್ತಾಳಾ?"

"ಕೋಡಿಯನ್ನಾದರೂ ಬಿಡಿಸಿ."

"ನೋಡುವ."

ನೋಡಲು ಯಾರೂ ಬರಲಿಲ್ಲ. ನಾವು ಅವರ ಗೇಣಿ ಒಕ್ಕಲು. ನಾವಾಗಿ ಕಟ್ಟಕ್ಕೆ ಹಾರೆ ಹಾಕಿದ್ದರೆ ಇದ್ದ ಮನೆಯೂ ಹೋಗುತ್ತಿತ್ತು. ಇದು ಅವರಿಗೂ ಗೊತ್ತಿತ್ತು.

ಆಮೇಲಿನ ಮಳೆ ಒಂದು ಮಧ್ಯಾಹ್ನ ಬಂತು. ಊಟ ಮುಗಿದಿತ್ತು. ಗುಡ್ಡದ ಮೇಲೆ ಸುರಿದದ್ದನ್ನು ತಡೆಯಲು ಅಲ್ಲಿ ಹುಲ್ಲಿನ ಬೇರು ಸಹ ಇರಲಿಲ್ಲ. ಕಟ್ಟ ಒಡೆದ ಸದ್ದು ಗುಡುಗಿನ ಹಾಗಿರಲಿಲ್ಲ, ಮರ ಸೀಳುವ ಹಾಗಿತ್ತು. ಅಂಗಳದ ನೀರು ನೋಡುತ್ತಿರುವಾಗಲೇ ಜಗಲಿಗೆ ಏರಿತು. ಅಮ್ಮ ಮಗುವನ್ನು ಸೀರೆಯಲ್ಲಿ ಕಟ್ಟಿಕೊಂಡಳು. ಅಕ್ಕ ನನ್ನ ಹೆಗಲು ಹಿಡಿದಳು. ಸೊಂಟದವರೆಗಿನ ನೀರಿನಲ್ಲಿ ನಡೆದು, ದರೆ ಹತ್ತಿ ಮೇಲಿನ ಮನೆ ತಲುಪುವಾಗ ನಾಲ್ವರೂ ತೊಯ್ದಿದ್ದೆವು. ಹಿಂದಿನಿಂದ ನಮ್ಮ ಮಣ್ಣಿನ ಗೋಡೆ ಕುಸಿದು ಕೂತದ್ದು ಕೇಳಿಸಿತು.

ಹೆರಿಗೆಯ ಅಮೆ, ಆ ಸೂತಕದ ದಿನಗಳು, ಇನ್ನೂ ಕಳೆದಿರಲಿಲ್ಲ. ಆ ಮನೆಯವರು ಬಾಣಂತಿಯನ್ನು ಒಳಗೆ ಸೇರಿಸಲಿಲ್ಲ. ದನದ ಹಟ್ಟಿಯಲ್ಲಿ ಒಣಹುಲ್ಲು ಹಾಸಿಕೊಟ್ಟರು, ಬಿಸಿ ಗಂಜಿ ತಂದುಕೊಟ್ಟರು. ಕೆಟ್ಟವರೆಂದು ಹೇಳಲಾರೆ. ಆದರೆ ಹಟ್ಟಿಗೆ ಮೂರೇ ಗೋಡೆ. ರಾತ್ರಿಯಿಡೀ ಗಾಳಿಮಳೆಯ ಇರಸಲು ಒಳಗೆ ಹೊಡೆಯುತ್ತಿತ್ತು. ಮಗುವಿಗೆ ಜ್ವರ ಹಿಡಿಯಿತು, ಉಸಿರಿಗೆ ಎದೆ ಗುಳಿ ಬೀಳತೊಡಗಿತು. ಆ ವಾರ ಕಳೆಯುವುದರೊಳಗೆ ಅದು ತೀರಿಕೊಂಡಿತು. ಹೆಸರಿಟ್ಟಿರಲಿಲ್ಲ.

ತಾಲೂಕು ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಧಣಿಗಳು ಅವರಿಗೆ ಕೊಡೆ ಹಿಡಿಸಿ ಕರೆತಂದರು.

"ಜೀವಹಾನಿ?" ಎಂದು ಅವರು ಕೇಳಿದರು.

"ದೇವರ ದಯೆ, ಎಂತದೂ ಇಲ್ಲ," ಎಂದರು ಧಣಿಗಳು.

"ನಮ್ಮ ಮಗು ಹೋಯಿತು," ಎಂದಳು ಅಮ್ಮ.

ಅಧಿಕಾರಿ ತಿರುಗಿದರು. "ಅದು ಜ್ವರದಲ್ಲಿ ಅಲ್ಲವಾ ಅಮ್ಮ?"

"ಜ್ವರ ಎಲ್ಲಿಂದ ಬಂತು?"

ಅವರು ಮೆತ್ತಗೆ, ಮರ್ಯಾದೆಯಿಂದಲೇ ಮಾತಾಡಿದರು. ತಾನು ಬಂದದ್ದು ನೀರಿನಿಂದಾದ ನಷ್ಟ ನೋಡಲು. ಕಾಯಿಲೆಯನ್ನು ನೋಡುವವರು ಬೇರೆ. ಗುಡ್ಡದ ಬೆಂಕಿ ಇದಕ್ಕೆ ಸೇರಿದ್ದಲ್ಲ. ಕಟ್ಟ ಊರವರ ಸ್ವಂತ ವಿಚಾರ. ಕೊನೆಗೆ, "ಇಂಥದನ್ನು ಮೊದಲೇ ಯಾರಿಗೆ ತಿಳಿಯುತ್ತದೆ?" ಎಂದರು. ಧಣಿಗಳು ಹೌದೆಂದು ತಲೆಯಾಡಿಸಿದರು.

ಆ ತಲೆಯಾಡಿಕೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಧಣಿಗಳ ಅಂಗಳದಲ್ಲಿ ನಿಂತು ಅಮ್ಮ ಮೊದಲೇ ಹೇಳಿದ್ದು ಇದನ್ನೇ ಅಲ್ಲವೇ? ಬೆಂಕಿಯನ್ನು ಬೆಂಕಿಯೆಂದು, ಮಳೆಯನ್ನು ಮಳೆಯೆಂದು, ಕಟ್ಟವನ್ನು ಕಟ್ಟವೆಂದು ಬೇರೆ ಬೇರೆ ಎತ್ತಿ ತೋರಿಸಿದರೆ ಯಾವುದರ ಮೇಲೂ ತಪ್ಪು ನಿಲ್ಲುವುದಿಲ್ಲ. ನಮ್ಮ ಮನೆಗೆ ಅವು ಬೇರೆ ಬೇರೆಯಾಗಿ ಬರಲಿಲ್ಲ. ಒಂದು ಇನ್ನೊಂದರ ಕೈ ಹಿಡಿದುಕೊಂಡು ಬಂದವು, ಕೊನೆಗೆ ನಮ್ಮ ಅಮೆಯೂ ಅವುಗಳ ಜೊತೆ ಸೇರಿತು. ಬೇರೆ ಬೇರೆ ಮಾಡಿದ್ದು ಆಮೇಲೆ ಬಂದವರು, ಒಣಗಿದ ಜಾಗದಲ್ಲಿ ನಿಂತುಕೊಂಡು.

ಅದೇ ಜಾಗದಲ್ಲಿ ನಾವು ಮತ್ತೆ ಗೋಡೆ ಎಬ್ಬಿಸಿದೆವು. ಆ ವರ್ಷ ಮಳೆ ನಿಂತ ಮೇಲೆ ಮತ್ತೆ ಕಟ್ಟದ ಕೆಲಸಕ್ಕೆ ಕರೆ ಬಂತು. ಮನೆಗೊಬ್ಬರು ಹೋಗಬೇಕು. ಅಮ್ಮ ಬುಟ್ಟಿ ಹಿಡಿದು ಹೋದಳು, ಮಣ್ಣು ತುಂಬುವ ಮೊದಲು ಎಲ್ಲರೆದುರು ಕೇಳಿದಳು: "ಕಡಿಯುವ ದಿನವನ್ನು ಕೆಳಗಿನ ಮನೆಯವರು ಹೇಳುವ ಹಾಗೆ ಆಗಬೇಕು." ಧಣಿಗಳು ಕೋಡಿಯನ್ನು ಒಂದು ಮೊಳ ಅಗಲ ಮಾಡಿಸಿದರು. ದಿನ ಮಾತ್ರ ಪತ್ತನಾಜೆಯೇ ಎಂದರು. ಅಮ್ಮ ಬರಿಯ ಬುಟ್ಟಿ ತೆಗೆದುಕೊಂಡು ಹಿಂದೆ ಬಂದಳು.

ಅಕ್ಕನ ಎರಡನೆಯ ಹೆರಿಗೆಗೆ ಅಮ್ಮ ಅವಳನ್ನು ಕಟ್ಟದ ಕೆಳಗಿನ ಮನೆಗೆ ಕರೆಯಲಿಲ್ಲ, ಅದು ಗಂಡನ ಮನೆಯಲ್ಲಾಯಿತು. ತವರಿಗೆ ಕರೆಯದ ತಾಯಿಯೆಂದು ಬೀಗರ ಕಡೆಯವರು ಆಡಿಕೊಂಡರು. ಅಮ್ಮ ಎರಡು ಹೊಸ ಕಂಬಳಿ ಹಿಡಿದುಕೊಂಡು ಅಲ್ಲಿಗೇ ಹೋಗಿ, ಅಮೆ ಕಳೆಯುವವರೆಗೆ ನಿಂತಳು.