ಮೊದಲು ಬಿಡ್ತು ಅನ್ನಿ

ಡಲ್ಲಾಸ್. ಪಕ್ಕದ ಅಲೆನ್ ಊರಿನಲ್ಲಿರುವ ನಮ್ಮ ಸೋದರತ್ತೆಗೆ ಇವತ್ತು ಅಮೆರಿಕದ ಪೌರತ್ವದ ಸಂದರ್ಶನ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ; ವಯಸ್ಸಾದ ಹಳೆಯ ನಿವಾಸಿಗಳಿಗೆ ದುಭಾಷಿಯ ಅನುಕೂಲ ಉಂಟು. ಮೊನ್ನೆ ಅವರ ಮನೆಗೆ ಬಂದಿಳಿದ ನಾನೇ ದುಭಾಷಿ. ಅಧಿಕಾರಿ ನಗದ ಮನುಷ್ಯ. ಆತ ಕೇಳಿದ್ದನ್ನು ಕನ್ನಡದಲ್ಲಿ ಹೇಳಿದೆ: "ಅಧ್ಯಕ್ಷರಿಗೆ ಏನಾದರೂ ಆಗಿಹೋದರೆ ಆ ಜಾಗಕ್ಕೆ ಯಾರು ಬರ್ತಾರೆ?"

ಉರು ಹೊಡೆದ ಉತ್ತರ ಅತ್ತೆಯ ನಾಲಿಗೆ ತುದಿಯಲ್ಲೇ ಇತ್ತು. ಆದರೂ, "ಬದುಕಿರೋರ ಬಗ್ಗೆ ಹಾಗನ್ನಬಾರದು. ಬಿಡ್ತು ಅನ್ನು. ಅವರಿಗೂ ಅನ್ನೋಕೆ ಹೇಳು," ಅಂದರು.

ಪೌರತ್ವ ಇಲ್ಲಿಗೆ ಮುಗೀತು ಅಂದುಕೊಳ್ಳುತ್ತಲೇ ಅದನ್ನೂ ಅನುವಾದಿಸಿ, ಆ ಒಂದು ಪದವನ್ನು ಮಾತ್ರ ಕನ್ನಡದಲ್ಲೇ ಹೇಳಿಕೊಟ್ಟೆ. ಆತ ಪೆನ್ನು ಕೆಳಗಿಟ್ಟು, "ಬಿಡ್ತು," ಅಂದ.

"ಉಪಾಧ್ಯಕ್ಷರು," ಅಂದರು ಅತ್ತೆ, ಸಮಾಧಾನವಾಗಿ.

ಮುಂದಿನ ಪ್ರಶ್ನೆ, ಅವರಿಬ್ಬರೂ ಇಲ್ಲವಾದರೆ ಯಾರು ಅನ್ನುವುದು. ಅದನ್ನು ಕೇಳುವ ಮೊದಲು ಆತ ಎರಡು ಸಲ "ಬಿಡ್ತು" ಅಂದ.