ಸದಾನಂದನ ಮಂಜಿ ಮುರಿದವನು

ಸದಾನಂದನ ಮಂಜಿಯ ಕೂವೆಮರ ಮುರಿದದ್ದು ಅವನ ಸೊಸೆ ರೇಷ್ಮಾ ಅಲ್ಲ, ನಾನು. ಕೈತಪ್ಪಿ ಅಲ್ಲ — ಬೇಕೆಂದೇ.

ಮಂಜಿಯೆಂದರೆ ಹಿಂದೆ ನಮ್ಮ ಬಂದರಿನಿಂದ ಹಂಚು ಹೊತ್ತು ಹೋಗುತ್ತಿದ್ದ ಹಾಯಿಹಡಗು. ಕೂವೆಮರವೆಂದರೆ ಅದರ ಹಾಯಿ ಕಟ್ಟುವ ಕಂಬ. ಸದಾನಂದ ಕಟ್ಟಿದ್ದು ಆ ಹಡಗಿನ ಮೊಳದುದ್ದದ ಮಾದರಿ. ಹೋಟೆಲನ್ನು ಮಗ ಪ್ರಶಾಂತನಿಗೆ ಒಪ್ಪಿಸಿದ ಮೇಲೆ ಕದ್ರಿಯ ಮನೆಯ ಹಿಂದಿನ ಕೋಣೆಯಲ್ಲಿ ಇದನ್ನೇ ಹಿಡಿದು ಕೂತಿದ್ದ. ಈ ಹುಚ್ಚು ಹಿಡಿಸಿದವನು ನಾನೇ. ಅತ್ತಾವರದಲ್ಲಿ ನಾನು ಹಲ್ಲಿನ ಡಾಕ್ಟರು. ಹಲ್ಲು ಕೊರೆಯುವ ಸಲಕರಣೆಗಳಿಂದಲೇ ವರ್ಷಗಟ್ಟಲೆ ಮಾದರಿ ಹಡಗು ಕಟ್ಟಿದವನು, ಹಳೆಯವನ್ನು ರಿಪೇರಿ ಮಾಡಿದವನು. ನನ್ನವೆಲ್ಲ ಡಬ್ಬಿಯಲ್ಲಿ ಬಿಡಿಭಾಗಗಳಾಗಿ ಬರುವಂಥವು. ನಕ್ಷೆ ನೋಡಿ ಅಂಟಿಸಿದರಾಯಿತು. ಅವನು ತೇಗದ ತುಂಡಿನಿಂದ ಒಂದೊಂದು ಹಲಗೆಯನ್ನೂ ತಾನೇ ಸೀಳಿ, ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ — ನನ್ನಿಂದ ಕಲಿತವನು ನನ್ನನ್ನು ದಾಟಿಹೋಗಿದ್ದ.

ಆ ವರ್ಷ ಊರಿನಲ್ಲೊಂದು ಮಾದರಿ ಹಡಗುಗಳ ಪ್ರದರ್ಶನ ಏರ್ಪಾಡಾಯಿತು. ಸಂಘಟಕರು ಇಬ್ಬರ ಮನೆಗೂ ಬಂದು ನೋಡಿದರು. ನಡುವಿನ ಮೇಜಿಗೆ ಅವನ ಮಂಜಿ. ನನ್ನ ಹಡಗಿಗೆ, "ಬದಿಯಲ್ಲಿ ಎಲ್ಲಾದರೂ ಜಾಗ ಮಾಡುವ ಡಾಕ್ಟ್ರೇ" ಎಂದರು.

ಮರುದಿನ ಅವನ ಮನೆಗೆ ಹೋದೆ. ನಾವಿಬ್ಬರೂ ಆ ಕೋಣೆಯಲ್ಲಿದ್ದಾಗ ಫೋನು ಬಂತೆಂದು ಅವನು ಹೊರಗೆ ಹೋದ. ನಾನು ಹೆಬ್ಬೆರಳಿನಿಂದ ಕೂವೆಮರವನ್ನು ಒತ್ತಿದೆ. ಸಣ್ಣದೊಂದು ಸದ್ದು. ಬುಡದ ಹಲಗೆಗಳೂ ಕಿತ್ತುಬಂದವು. ಮುರಿದದ್ದನ್ನು ಹಾಯಿಯ ದಾರಗಳಿಗೆ ಒರಗಿಸಿ, ಮೇಲೆ ಬಟ್ಟೆ ಹೊದಿಸಿ, ಹೊರಗೆ ಬಂದು ರೇಷ್ಮಾ ಕೊಟ್ಟ ಚಹಾ ಕುಡಿದೆ. ಚೆನ್ನಾಗಿದೆ ಎಂದೂ ಹೇಳಿದೆ.

ಸಂಜೆ ಸದಾನಂದನ ಫೋನು. "ಮಾರಾಯ, ಸೊಸೆ ಧೂಳು ಹೊಡೆಯುವಾಗ ಮಂಜಿ ಮುರಿದು ಹಾಕಿದ್ದಾಳೆ. ಕೇಳಿದ್ರೆ ಮುಟ್ಟಲೇ ಇಲ್ಲ ಹೇಳ್ತಾಳೆ. ಮುರಿದದ್ದಕ್ಕೆ ಅಲ್ಲ, ಈ ಸುಳ್ಳಿಗೆ ನನಗೆ ಬೇಜಾರು."

ಆಗಲೇ ಬಾಯಿಬಿಡಬಹುದಿತ್ತು. ಬಿಟ್ಟೆ ಕೂಡ — "ಪಾಪ, ಹೆದರಿ ಹೇಳಿರಬೇಕು, ಬಿಡು" ಎಂದೆ. ಅವಳು ಮುರಿದಿರಲಿಕ್ಕಿಲ್ಲವೇನೋ ಎಂದು ಅವನಿಗಿದ್ದ ಚೂರುಪಾರು ಅನುಮಾನವೂ ಆ ಕನಿಕರದ ಮಾತಿನಿಂದ ಹೋಯಿತು.

ರೇಷ್ಮಾ ದೀಪ ಮುಟ್ಟಿ ಆಣೆ ಹಾಕಿದಳಂತೆ. ಅವನು ಆಣೆಯನ್ನೂ ಸುಳ್ಳೆಂದ. ನೆಂಟರ ಮುಂದೆಯೂ ಅಂದ. ಕೊನೆಗೆ ಪ್ರಶಾಂತನೂ ರೇಷ್ಮಾಳೂ ಉರ್ವದಲ್ಲಿ ಬೇರೆ ಮನೆ ಮಾಡಿದರು. ಮಂಜಿ ಮಾತ್ರ ದುರಸ್ತಿಗೆಂದು ನನ್ನ ಮೇಜಿಗೇ ಬಂತು. "ನಿನಗಲ್ಲದೆ ಇನ್ಯಾರಿಗೆ ಕೊಡುವುದು?" ಎಂದ. ಗುರುತೂ ಉಳಿಯದಂತೆ ಜೋಡಿಸಿದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಪ್ರದರ್ಶನದಲ್ಲಿ ಅವನು ಎಲ್ಲರ ಮುಂದೆ ನನ್ನ ಭುಜ ತಟ್ಟಿದ — ನಾನು ನಕ್ಕೆ.

ಕೆಲವು ವರ್ಷಗಳ ಮೇಲೆ ಅವನು ಆಸ್ಪತ್ರೆ ಸೇರಿದ. ರೇಷ್ಮಾ ದಿನವೂ ಗಂಜಿ ತರುತ್ತಿದ್ದಳು, ಬಾಗಿಲ ಹೊರಗೆ ಕೂರುತ್ತಿದ್ದಳು. ಅವನು ಒಳಗೆ ಕರೆಯಲಿಲ್ಲ. "'ಹೌದು ಮಾವ, ನಾನೇ ಮುರಿದದ್ದು' ಅಂತ ಅವಳು ಒಂದು ಮಾತು ಹೇಳಿದ್ರೆ ಸಾಕಿತ್ತು, ಮಾರಾಯ," ಎಂದ. ಅವಳು ಬಾಗಿಲಾಚೆ ಇದ್ದಳು. ನಾನು ಮಂಚದ ಪಕ್ಕದಲ್ಲಿದ್ದೆ. ಆಗಲೂ — ಇಲ್ಲ, ಆಗಲೂ ಹೇಳಲಿಲ್ಲ. ಆ ವಾರವೇ ಅವನು ತೀರಿಕೊಂಡ.

ಕಳೆದ ತಿಂಗಳು ಉರ್ವಕ್ಕೆ ಹೋದೆ. ರೇಷ್ಮಾ ಒಬ್ಬಳೇ ಇದ್ದಳು. ಎಲ್ಲವನ್ನೂ ಹೇಳಿದೆ. ಅಳುತ್ತಾಳೆ, ಇಲ್ಲವೇ ಬೈದು ಹೊರಗೆ ಹಾಕುತ್ತಾಳೆ ಅಂದುಕೊಂಡಿದ್ದೆ — ಎರಡಕ್ಕೂ ತಯಾರಾಗಿಯೇ ಹೋಗಿದ್ದೆ. ಅವಳು ಒಂದು ಕುರ್ಚಿ ಎಳೆದು ಹಾಕಿದಳು.

"ನನಗೆ ಹೇಳಿ ಎಂತ ಪ್ರಯೋಜನ ಡಾಕ್ಟ್ರೇ? ನಾನು ಮುರಿಯಲಿಲ್ಲ ಅಂತ ನನಗೆ ಗೊತ್ತುಂಟಲ್ಲ. ಕೂತ್ಕೊಳ್ಳಿ. ಇವರು ಬರ್ತಾರೆ, ಇವರಿಗೆ ಹೇಳಿ."

ಪ್ರಶಾಂತ ಬಂದ. ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಅವನು ನನ್ನ ಮೇಲೆ ಕೈಮಾಡಲಿಲ್ಲ. ನನ್ನತ್ತ ನೋಡಲೂ ಇಲ್ಲ. ಹೆಂಡತಿಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಇಷ್ಟು ವರ್ಷ ಅವನೂ ಅವಳನ್ನು ನಂಬಿರಲಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ.

ರೇಷ್ಮಾ ಕಾಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.