ಬೆವರುವ ಗಡಿಗೆ

ಆಗ ನನಗೆ ಹತ್ತೊಂಬತ್ತು. ಅದಾಗಿ ಎಪ್ಪತ್ತು ವರ್ಷದ ಮೇಲಾಯಿತು. ಅಕ್ಕನ ಕೈ ಮಾತ್ರ ನಿನ್ನೆ ಕಂಡಂತಿದೆ. ಬೆರಳ ತುದಿಗಳೆಲ್ಲ ನೀಲಿ, ಉಗುರಿನ ಸಂದಿಯಲ್ಲಿ ಹಸಿರು. ರೊಟ್ಟಿ ಬಡಿಯುವ ಮೊದಲು ಹುಣಸೆಹಣ್ಣು ಹಚ್ಚಿ ಕಲ್ಲಿಗೆ ತಿಕ್ಕಿ ತೊಳೆಯುತ್ತಿದ್ದಳು. ಬಣ್ಣ ಹೋಗುತ್ತಿರಲಿಲ್ಲ. ಓಣಿಯ ಹೆಂಗಸರು ಅವಳಿಗೆ ‘ಮೈಲುತುತ್ತದಾಕಿ’ ಎನ್ನುತ್ತಿದ್ದರು. ಎದುರಿಗಲ್ಲ. ಎದುರಿಗೆ ಅನ್ನುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ನಾನು ಬನಹಟ್ಟಿಯ ಆ ಮನೆಗೆ ಮದುವೆಯಾಗಿ ಬಂದಾಗ ಅವಳು ಹೊಳೆಯ ಆಚೆ ಒಂದು ರೈಲು ಸ್ಟೇಷನ್ನಿನಲ್ಲಿ ಇದ್ದಳು. ಅವಳ ಗಂಡ ಮಗ್ಗ ಬಿಟ್ಟು ತಾರಿನ ಕೋಣೆಯಲ್ಲಿ ಚಾಕರಿ ಹಿಡಿದಿದ್ದ. ತಾರು ಬಡಿಯಲು ಬೇಕಾದ ಕರೆಂಟು ಅಲ್ಲಿ ಕಾಜಿನ ಭರಣಿಗಳಲ್ಲಿ ಹುಟ್ಟುತ್ತಿತ್ತು. ಭರಣಿಗೆ ನೀರು ಹೊಯ್ಯುವುದು, ಮೈಲುತುತ್ತ ಹಾಕುವುದು, ಸವೆದ ಜಸ್ತದ, ಅಂದರೆ ಸತುವಿನ, ಕೋಲು ತೆಗೆದು ಹೊಸದು ಇಡುವುದು ಅವನ ಕೆಲಸ. ಮಾಡುತ್ತಿದ್ದವಳು ಇವಳು. “ನಿಮ್ಮ ಭಾವ ಉಂಡು ಅಡ್ಡಾಗತಿದ್ರು, ನಾ ಭರಣಿಗೆ ಉಣಸತಿದ್ದೆ” ಎಂದು ಹೇಳಿ ನಗುತ್ತಿದ್ದಳು.

ಆ ಗಂಡ ಜ್ವರ ಬಂದು ಸತ್ತ. ಅವಳು ಒಂದು ಟ್ರಂಕು ಹೊತ್ತುಕೊಂಡು ಬನಹಟ್ಟಿಗೆ ಬಂದಳು. ಟ್ರಂಕಿನಲ್ಲಿ ಎರಡು ಸೀರೆ, ಒಂದು ಸುರುಳಿ ತಂತಿ, ಶೆಲ್ಲು ಸತ್ತ ಒಂದು ಬ್ಯಾಟರಿ ದೀಪ. ಅಳುತ್ತ ಬರಲಿಲ್ಲ. ಒಳಗಿನ ಕೋಣೆಯಲ್ಲಿ ಗಂಡನ ಪಾಲಿನ ಮಗ್ಗ ಧೂಳು ತಿನ್ನುತ್ತ ನಿಂತಿತ್ತು. ಅದನ್ನು ಒರೆಸಿ, ಸೆರಗು ಸಿಕ್ಕಿಸಿ, ಮಗ್ಗದ ಕೆಳಗೆ ಕಾಲು ಬಿಡುವ ಕುಣಿಗೆ ಇಳಿದು ಕುಳಿತಳು.

ನಮ್ಮಲ್ಲಿ ಹೆಂಗಸರು ಕಂಡಿಕೆ ಸುತ್ತುತ್ತಾರೆ, ನೂಲಿಗೆ ಗಂಜಿ ಹಾಕುತ್ತಾರೆ, ಹರಿದ ಎಳೆ ಕೂಡಿಸುತ್ತಾರೆ. ಮಗ್ಗದ ಕುಣಿಗೆ ಇಳಿಯುವುದಿಲ್ಲ. ಅದು ಗಂಡಸಿನ ಜಾಗ. ಇವಳು ತವರಿನಲ್ಲಿ ಅಪ್ಪ ಕಾಯಿಲೆ ಬಿದ್ದ ವರ್ಷ ನೇಯುವುದು ಕಲಿತಿದ್ದಳು. ಕಲಿತದ್ದನ್ನು ಬಿಡುವ ಜಾತಿಯವಳಲ್ಲ.

ಅದು ದೊಡ್ಡ ಲಡಾಯಿಯ ಕಾಲ. ಚಿಮಣಿ ಎಣ್ಣೆಯನ್ನು ಚಾವಡಿಯಲ್ಲಿ ಮಗ್ಗಕ್ಕೆ ಇಷ್ಟು ಎಂದು ಅಳೆದು ಕೊಡುತ್ತಿದ್ದರು. ಅಕ್ಕ ಡಬ್ಬಿ ಹಿಡಿದು ಹೋದಳು. ನಾನೂ ಜೊತೆಗಿದ್ದೆ. ಕಾರಕೂನ ಕೇಳಿದ:

“ಮಗ್ಗದಾಗ ಯಾರು ಕೂಡತಾರವ್ವಾ?”

“ನಾನ ಕೂಡತೇನ್ರಿ.”

“ಅಲ್ಲ, ಗಂಡಸರು ಯಾರು ಅಂತ ಕೇಳಿದೆ.”

“ಗಂಡಸ ಸತ್ತಾನರಿ. ಮಗ್ಗ ಸತ್ತಿಲ್ಲ.”

“ಗಂಡಸಿಲ್ಲದ ಮಗ್ಗಕ್ಕ ಎಣ್ಣಿ ಇಲ್ಲ.”

ಅಕ್ಕ ಖಾಲಿ ಡಬ್ಬಿಯನ್ನು ಅವನ ಮುಂದೆ ಬೋರಲು ಹಾಕಿದಳು. “ಹಂಗಾರ ಡಬ್ಬಿನೂ ನೀವ ಇಟಗೋರಿ” ಎಂದು ತಿರುಗಿ ನಡೆದೇ ಬಿಟ್ಟಳು. ಡಬ್ಬಿ ಛಲೋದಿತ್ತು. ನಾನು ಹಿಂದೆ ಹೋಗಿ ಎತ್ತಿಕೊಂಡು ಬಂದೆ.

ಎಣ್ಣೆ ಇಲ್ಲದಿದ್ದರೆ ಏನು ಎನ್ನಬಹುದು. ಆ ಕೋಣೆಗೆ ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ. ಹೊತ್ತು ತಿರುಗಿತೆಂದರೆ ಹಾಡುಹಗಲೇ ಕುಣಿಯಲ್ಲಿ ಕತ್ತಲೆ. ಎಳೆ ಹರಿದರೆ ಕಾಣುವುದಿಲ್ಲ, ಲಾಳಿ ಎಲ್ಲಿ ಸಿಕ್ಕಿತು ತಿಳಿಯುವುದಿಲ್ಲ. ಅಕ್ಕನಿಗೆ ಅರ್ಧ ದಿನದ ಕೆಲಸವೇ ಉಳಿಯಿತು.

ನನ್ನ ಗಂಡ ಅದನ್ನೇ ಕಾಯುತ್ತಿದ್ದ. ಕೆಟ್ಟವನೇನಲ್ಲ. ಆದರೆ ಹೊರಗಿನ ಪಡಸಾಲೆಯಲ್ಲಿ ಅವನದೊಂದು ಮಗ್ಗ ಇತ್ತು, ‘ಎರಡು ಮಗ್ಗದವ’ ಅನ್ನಿಸಿಕೊಳ್ಳುವ ಆಸೆ ಇತ್ತು. “ವೈನಿ, ಅರ್ಧಾ ದಿನ ಓಡೂ ಮಗ್ಗ ಮಗ್ಗ ಏನ? ನನಗ ಕೊಡ್ರಿ, ಆಳ ಹಚ್ಚತೇನಿ. ನೀವು ಕಂಡಿಕಿ ಸುತ್ತಕೊಂಡು ಉಣ್ರಿ” ಎಂದ.

“ತಮ್ಮಾ, ನಾ ಉಣ್ಣೂದು ನೇದು. ನೀ ನಿನ್ನ ಮಗ್ಗ ನೋಡಕೋ ಹೋಗು.”

ಅವನು ಸುಮ್ಮನೆ ಬಿಡಲಿಲ್ಲ. ದೈವದ, ಅಂದರೆ ನಮ್ಮ ನೇಕಾರ ಸಮಾಜದ, ಹಿರಿಯರನ್ನು ಕೂಡಿಸಿದ. ಮಠದ ಕಟ್ಟೆಯ ಮೇಲೆ ಹಿರಿಯರು, ಕೆಳಗೆ ಅಕ್ಕ. ಎಲ್ಲರಿಗಿಂತ ಹಿರಿಯವನು ಬಾಯಲ್ಲಿನ ತಂಬಾಕು ಉಗುಳಿ ಬಂದು ತೀರ್ಪು ಹೇಳಿದ: “ಮಗ್ಗದ ಮ್ಯಾಲೆ ಈಗ ಇರೂ ಹಾಸು ಯುಗಾದಿ ಒಳಗ ಪೂರಾ ನೇದು ಇಳಿಸಿದರ ಮಗ್ಗ ಆಕಿದು. ಇಲ್ಲಾಂದ್ರ ಮೈದುನಂದು.”

ಒಂದು ಹಾಸೆಂದರೆ ಹಲವು ಸೀರೆಗಳ ಉದ್ದದ ನೂಲು. ಅರ್ಧ ದಿನದ ಬೆಳಕಿನಲ್ಲಿ ಅದು ಆಗದ ಮಾತು. ಕಟ್ಟೆಯ ಮೇಲೆ ಕುಳಿತವರೆಲ್ಲ ನೇಕಾರರೇ, ಅವರಿಗೂ ಗೊತ್ತಿತ್ತು.

“ಇಳಸತೇನಿ,” ಎಂದಳು ಅಕ್ಕ. “ಇಳಿಸಿದ ಮ್ಯಾಲೆ ಮಾತ ತಿರಗಿಸಬ್ಯಾಡ್ರಿ ಮತ್ತ.”

ಮನೆಗೆ ಬಂದವಳೇ ತನ್ನ ಮದುವೆಯ ತಾಮ್ರದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ನೀರಿಗೆ ಹೊರಟಳೆಂದು ನಾನೂ ಹಗ್ಗ ತೆಗೆದುಕೊಂಡು ಹಿಂದೆ ಹೋದೆ. ಬಾವಿ ದಾಟಿ ಕಂಚಗಾರನ ಅಂಗಡಿ ಮುಂದೆ ನಿಂತಳು.

“ಇದನ್ನ ಸೀಳಿ ತಗಡ ಮಾಡಿಕೊಡಪಾ. ಗಡಿಗಿ ಒಳಗ ಬಾಗಿಸಿ ಇಡೂವಷ್ಟು ಉದ್ದ ಇರಲಿ. ಜಸ್ತ ಎರದು ಕೋಲ ಮಾಡಿಕೊಡು.”

ಕಂಚಗಾರ ಕೊಡ ತಿರುಗಿಸಿ ನೋಡಿದ. “ಬಾಳೂ ಮನಿ ಕೊಡ ಕತ್ತರಸಬಾರದವ್ವಾ.”

“ಬಾಳೂದಕ್ಕ ಕತ್ತರಸಾಕ ಬಂದೇನಿ. ಹಿಡಿ.”

ಮೈಲುತುತ್ತ ಬಣ್ಣಗಾರನ ಮನೆಯಿಂದ ಬಂತು. ಎಣ್ಣೆ ಕುಡಿದು ಕರಿಯಾದ ಹಳೆಯ ಗಡಿಗೆಗಳು ಮನೆಯಲ್ಲೇ ಇದ್ದವು. ಅವುಗಳಲ್ಲಿ ತಾಮ್ರದ ತಗಡು ಬಾಗಿಸಿಟ್ಟು ಮೈಲುತುತ್ತದ ನೀರು ತುಂಬಿದಳು. ನಡುವೆ ಒಂದೊಂದು ಸಣ್ಣ ಹೊಸ ಗಡಿಗೆ. ಅದರೊಳಗೆ ಉಪ್ಪುನೀರು, ಜಸ್ತದ ಕೋಲು. ಒಂದರ ತಾಮ್ರದಿಂದ ಇನ್ನೊಂದರ ಜಸ್ತಕ್ಕೆ ತಂತಿ ಕಟ್ಟುತ್ತ ಗೋಡೆಯುದ್ದಕ್ಕೂ ಸಾಲು ಹಚ್ಚಿದಳು. ಕೊನೆಗೆ ಬ್ಯಾಟರಿ ದೀಪದ ಬಲ್ಬು ಬಿಚ್ಚಿ ತಂತಿಗೆ ಮುಟ್ಟಿಸಿದಳು.

ಏನೂ ಆಗಲಿಲ್ಲ.

ಮತ್ತೆ ಬಿಚ್ಚಿದಳು, ಮತ್ತೆ ಕಟ್ಟಿದಳು. ಏನೂ ಇಲ್ಲ. ನನ್ನ ಗಂಡ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದ: “ನಮ್ಮ ವೈನಿ ಗಡಿಗ್ಯಾಗ ಸಿಡ್ಲ ಹಿಡ್ಯಾಕತ್ತಾರ. ಸಿಕ್ಕರ ನಿಮಗೂ ಒಂದೊಂದು ವಾಟಿ ಕಳಸ್ತಾರಂತ.” ಓಣಿ ನಕ್ಕಿತು. ನನಗೂ ನಗು ಬಂತು, ನಕ್ಕೆ. ಅಕ್ಕ ನನ್ನ ಕಡೆ ನೋಡಿ, “ನಗು, ನಗು. ಹಲ್ಲಿನ ಬೆಳಕಿಗರ ಒಂದೆರಡ ಎಳಿ ಕಾಣಲಿ” ಎಂದಳು.

ಹಬ್ಬ ಹತ್ತಿರ ಬರುತ್ತಿತ್ತು. ಬೆಳಕಿಂಡಿಯ ಬೆಳಕು ಇರುವಷ್ಟು ಹೊತ್ತು ನೇಯುವುದು, ಆಮೇಲೆ ಗಡಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂರುವುದು. ಊಟಕ್ಕೆ ಕರೆದರೂ ಏಳಳು. ಒಂದು ಮಧ್ಯಾಹ್ನ ನಾನು ನೀರಿನ ಗಡಿಗೆಗೆ ಒರಗಿ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಎದ್ದಾಗ ಬೆನ್ನೆಲ್ಲ ತೊಯ್ದಿತ್ತು.

“ಹಾಳಾದ ಗಡಿಗಿ ಬೆವರಿ ನನ್ನ ಸೀರಿ ತೋಯಿಸ್ತು” ಎಂದೆ.

ಅಕ್ಕ ನನ್ನ ಬೆನ್ನು ಮುಟ್ಟಿ ನೋಡಿದಳು. ನೀರಿನ ಗಡಿಗೆಯ ಹೊಟ್ಟೆ ಸವರಿ ನೋಡಿದಳು. ಆಮೇಲೆ ತನ್ನ ಸಾಲಿನಿಂದ ಒಂದು ಸಣ್ಣ ಗಡಿಗೆ ಎತ್ತಿ, ಹೊರಗೆ ಅಂಟಿದ ನೀಲಿ ನೀರು ಒರೆಸಿ, ನೆಲದ ಮೇಲಿಟ್ಟು ಕಾದಳು. ಎಷ್ಟು ಹೊತ್ತು ಕಾದರೂ ಹೊರಗೆ ಒಂದು ಹನಿ ಇಲ್ಲ. ಒಣಗಿದ ಎಲುಬಿನಂತಿತ್ತು.

ಹಣೆ ಹಣೆ ಬಡಿದುಕೊಂಡಳು. “ಏ ತಂಗಿ, ನಾ ಇವಕ್ಕ ಗಂಜಿ ಕುಡಿಸೇನಿ!”

ನೇಕಾರರ ಮನೆಗೆ ಹೊಸ ಗಡಿಗೆ ಬಂದರೆ ಯಾರೂ ಹಾಗೆಯೇ ನೀರು ತುಂಬುವುದಿಲ್ಲ. ಮನೆಯಲ್ಲಿ ಗಂಜಿಗೆ ಬರವಿಲ್ಲ. ಬಿಸಿ ಗಂಜಿ ತುಂಬಿ, ಕುಡಿಯಲು ಬಿಟ್ಟು, ಎಣ್ಣೆ ಸವರಿ, ಒಲೆಯ ಮೇಲೆ ಕಾಯಿಸಿ ಸೋರದಂತೆ ಮಾಡಿಯೇ ಬಳಸುವುದು. ಬೇಸಿಗೆಯ ನೀರಿನ ಗಡಿಗೆ ಒಂದನ್ನು ಮಾತ್ರ ತಂಪಿಗೆಂದು ಹಾಗೇ ಬಿಡುತ್ತೇವೆ. ಅಕ್ಕ ತನ್ನ ಗಡಿಗೆಗಳಿಗೂ ಕೈ ಹೋದ ಹಾಗೆ ಗಂಜಿ ಕಟ್ಟಿದ್ದಳು. ಸ್ಟೇಷನ್ನಿನ ಭರಣಿಗಳಲ್ಲಿ ಬಿಳಿ ಮಣ್ಣಿನ ಗಿಂಡಿಗಳಿದ್ದವಂತೆ, ಸದಾ ಬೆವರುತ್ತಿದ್ದವಂತೆ, ಮೇಲೆ ಉಪ್ಪು ಹೂವಿನಂತೆ ಅರಳಿರುತ್ತಿತ್ತಂತೆ. ಒಳಗಿನ ನೀರು ಹೊರಗಿನ ನೀರನ್ನು ಮುಟ್ಟಬೇಕು, ಕೂಡಬಾರದು. ಗಂಜಿ ಆ ಮುಟ್ಟುವುದನ್ನೇ ತಡೆದಿತ್ತು.

ಅವತ್ತೇ ಕುಂಬಾರನ ಮನೆಗೆ ಹೋದೆವು.

“ಸೋರೂ ಗಡಿಗಿ ಬೇಕಪಾ. ತೆಳ್ಳಗ ಇರಲಿ. ಭಾಳ ಸುಡಬ್ಯಾಡ.”

ಕುಂಬಾರನಿಗೆ ಸಿಟ್ಟು ಬಂತು. “ನಮ್ಮಪ್ಪನ ಕಾಲದಿಂದ ಯಾರೂ ನಮ್ಮ ಗಡಿಗಿ ಸೋರತಾವ ಅಂದಿಲ್ಲ. ನೀ ಸೋರೂದು ಕೇಳಾಕ ಬಂದೀಯೇನ?”

“ಸೋರಬಾರದು, ಬೆವರಬೇಕು. ನಿನಗ ಬರತೈತೋ ಇಲ್ಲೋ? ಇಲ್ಲಾಂದ್ರ ರಬಕವಿ ಕುಂಬಾರನ್ನ ಕೇಳತೇನಿ.”

ಪಕ್ಕದ ಊರು ರಬಕವಿಯ ಮಾತು ಬಂದ ಮೇಲೆ ಅವನು ತಡೆಯಲಿಲ್ಲ. ಮಾಡಿಕೊಟ್ಟ.

ಹೊಸ ಗಡಿಗೆ ಇಟ್ಟು, ನೀರು ನೆನೆಯಲು ಬಿಟ್ಟು, ತಂತಿ ಮುಟ್ಟಿಸಿದಳು. ಬಲ್ಬಿನೊಳಗಿನ ಎಳೆ ಮೊದಲು ಕೆಂಪಾಯಿತು, ಆಮೇಲೆ ಹಳದಿಯಾಯಿತು. ಸುಳ್ಳು ಯಾಕೆ ಹೇಳಲಿ, ದೊಡ್ಡ ಬೆಳಕೇನಲ್ಲ. ಮೆಕ್ಕೆಜೋಳದ ಒಂದು ಕಾಳಿನಷ್ಟು. ಕೋಣೆ ಕತ್ತಲೆಯಲ್ಲೇ ಇತ್ತು. ಆದರೆ ಅಕ್ಕ ಅದನ್ನು ಮಗ್ಗದಲ್ಲಿ ಎಳೆ ಬಡಿಯುವ ಫಣಿಯ ಮೇಲೆ, ಎಳೆಗಳಿಗೆ ಒಂದು ಗೇಣು ಎತ್ತರದಲ್ಲಿ ತೂಗುಬಿಟ್ಟಳು. ನೇಯುವವಳಿಗೆ ಕೋಣೆ ಕಾಣಬೇಕಾಗಿಲ್ಲ, ಎಳೆ ಕಂಡರೆ ಸಾಕು. ಎಳೆ ಕಂಡವು.

ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಕುಣಿಗೆ ಇಳಿದು ಲಾಳಿ ಎಸೆದಳು. ಹೊರಗೆ ನನ್ನ ಗಂಡನ ಮಗ್ಗ ಟಕ್ ಎಂದು ನಿಂತಿತು. ಒಳಗಿನ ಮಗ್ಗ ಆ ಹೊತ್ತಿನಲ್ಲಿ ಓಡುವುದನ್ನು ಅವನು ಕೇಳಿಯೇ ಇರಲಿಲ್ಲ.

ಮಾತು ಹಬ್ಬಿ ದೈವದ ಹಿರಿಯರು ನೋಡಲು ಬಂದರು. ಬೆಂಕಿ ಇಲ್ಲದ ಬೆಳಕು ಮನೆಗೆ ಒಳ್ಳೆಯದಲ್ಲ ಎಂದ ಒಬ್ಬ. ಮೈಲುತುತ್ತ ವಿಷ, ಸೀರೆ ಉಟ್ಟವರಿಗೆ ತಾಗಿದರೆ ಎಂದ ಇನ್ನೊಬ್ಬ. “ಅದರಾಗ ಅದ್ದಿದ ಬಣ್ಣದ ಸೀರಿ ನಿಮ್ಮ ಹೆಂಡತಿ ಉಟ್ಟಾಳಲ್ರಿ, ಅರಾಮ ಅದಾಳಿಲ್ಲೋ?” ಎಂದಳು ಅಕ್ಕ, ಲಾಳಿ ನಿಲ್ಲಿಸದೆ. ತೀರ್ಪು ಹೇಳಿದ ಹಿರಿಯ ಬಗ್ಗಿ, ಬಾಯಲ್ಲಿದ್ದ ಬೀಡಿಯನ್ನು ಬಲ್ಬಿಗೆ ಹಿಡಿದು ಜಗ್ಗಿದ. ಜಗ್ಗಿಯೇ ಜಗ್ಗಿದ.

“ಇದಕ್ಕ ಬೀಡಿ ಸುದ್ಧಾ ಹತ್ತೂದಿಲ್ಲಲ್ಲಬೇ!”

“ಬೀಡಿ ಸೇದಾಕ ಹಚ್ಚಿಲ್ರಿ ಹಿರ್ಯಾರ. ನೇಯಾಕ ಹಚ್ಚೇನಿ.”

ಯುಗಾದಿಯ ಹಿಂದಿನ ದಿನ ಹಾಸು ಮುಗಿಯಿತು. ಕೊನೆಯ ಸೀರೆ ಕೊಯ್ದು ಇಳಿಸಿ, ಮಡಚದೆ ಹಾಗೇ ಹೆಗಲ ಮೇಲೆ ಹೊತ್ತು ಮಠದ ಕಟ್ಟೆಗೆ ಹೋಗಿ ಹರವಿ ಬಂದಳು. ಹಿರಿಯರು ಬೆರಳಿನಿಂದ ಎಳೆ ಎಣಿಸಿದರಂತೆ. ಮಾತು ತಿರುಗಿಸಲು ಏನೂ ಸಿಗಲಿಲ್ಲ.

ಗಡಿಗೆಗಳ ದಿನನಿತ್ಯದ ಸೇವೆ ಬರಬರುತ್ತ ನನ್ನ ಪಾಲಿಗೆ ಬಂತು. ಮೈಲುತುತ್ತ ಹಾಕು, ಉಪ್ಪುನೀರು ಬದಲಿಸು, ಕೋಲು ತಿಕ್ಕು. ಜಸ್ತದ ಕೋಲು ದಿನಾ ಸೊರಗುತ್ತಿತ್ತು, ತಾಮ್ರದ ತಗಡಿನ ಮೇಲೆ ಹೊಸ ತಾಮ್ರ ಕೂತು ಅದು ದಪ್ಪವಾಗುತ್ತಿತ್ತು. ಅಕ್ಕ ಹೇಳುತ್ತಿದ್ದಳು: “ಒಬ್ಬಾಕಿ ಸವೀಬೇಕು, ಒಬ್ಬಾಕಿ ಮೈ ತುಂಬಬೇಕು. ಸುಮ್ಮ ಯಾವ ಮನ್ಯಾಗೂ ದೀಪ ಹತ್ತೂದಿಲ್ಲ ತಂಗಿ.” ಮಧ್ಯಾಹ್ನ ಗಂಡ ಸಂತೆಗೆ ಹೋದಾಗ ನನ್ನನ್ನೂ ಕುಣಿಗೆ ಇಳಿಸುತ್ತಿದ್ದಳು. ತಪ್ಪಿದರೆ ಲಾಳಿಯಿಂದಲೇ ಮೊಣಕೈಗೆ ಕೊಡುತ್ತಿದ್ದಳು. ಪ್ರೀತಿಯ ಮಾತು ಅವಳ ಬಾಯಿಂದ ನಾನು ಕೇಳಿಲ್ಲ. ನೇಯುವುದು ಬಂತು.

ಲಡಾಯಿ ಮುಗಿದು ಎಣ್ಣೆ ಸಿಗುವಂತಾಯಿತು. ಕಾರಕೂನ ತಾನಾಗಿ ಹೇಳಿಕಳಿಸಿದ, ಬಂದು ಒಯ್ಯಲಿ ಎಂದು. “ಅವತ್ತ ಇಲ್ಲ ಅಂದ ಎಣ್ಣಿ ಇವತ್ತ ನನಗ ಬ್ಯಾಡ” ಎಂದಳು. ಸಾಯುವವರೆಗೂ ಆ ಮಗ್ಗದ ಮೇಲೆ ಚಿಮಣಿ ಹಚ್ಚಲಿಲ್ಲ.

ಸಂಸ್ಥಾನ ಹೋಗುತ್ತದೆ, ರಾಜರ ಆಳ್ವಿಕೆ ಮುಗಿಯಿತು ಎಂದು ಜನ ಮಾತಾಡುತ್ತಿದ್ದ ವರ್ಷ ಅಕ್ಕ ಕಾಮಣಿಯಿಂದ ಮಲಗಿದಳು. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು. ಕಣ್ಣೆಲ್ಲ ಹಳದಿಯಾಗಿತ್ತು, ಬೆರಳು ಮಾತ್ರ ನೀಲಿಯೇ. ನಾನು ಗಂಜಿ ಕುಡಿಸಲು ಹೋದರೆ, “ನನಗೂ ಗಂಜಿ ಕಟ್ಟಾಕತ್ತೀಯೇನ? ಗಡಿಗಿಗೆ ನೀರ ಹಾಕಿದೀಯಿಲ್ಲೋ ಅದನ್ನ ಹೇಳು” ಎಂದಳು. ಹಾಕಿದ್ದೇನೆ ಎಂದೆ. ಅದೇ ಕೊನೆಯ ಮಾತು. ಹೊತ್ತು ಏರುವುದರೊಳಗೆ ಹೋದಳು.

ಮಣ್ಣು ಮಾಡಿ ಬಂದು ಕೈಕಾಲು ತೊಳೆದವನೇ ನನ್ನ ಗಂಡ ಒಳಕೋಣೆಗೆ ನಡೆದ. ಗಡಿಗೆಗಳನ್ನೆಲ್ಲ ಹಿತ್ತಲಿಗೆ ಒಯ್ದು ಬಗ್ಗಿಸಿದ. ನೀಲಿ ನೀರು ಬಚ್ಚಲ ಮೋರಿಯಲ್ಲಿ ಹರಿದು ಓಣಿಗೆ ಹೋಯಿತು. ಸಣ್ಣ ಗಡಿಗೆಗಳನ್ನು ಗೋಡೆಗೆ ಬಡಿದ. ತಗಡುಗಳನ್ನು ಗೋಣಿಯಲ್ಲಿ ಕಟ್ಟಿ ಕಂಚಗಾರನಿಗೆ ಹಾಕಿ ಬಂದ. ಕೊಡಕ್ಕಿಂತ ಹೆಚ್ಚು ತೂಗಿತೆಂದು ಖುಷಿಯಾಗಿದ್ದ.

“ನಾಳಿಗೆ ಆಳು ಬರತಾನ,” ಎಂದ. “ಆ ಅರ್ಧಾ ಸೀರಿ ಕೊಯ್ದು ಒಗಿ.”

ಅವನು ಒಳಕೋಣೆಗೆ ಹೋಗುವ ಮೊದಲೇ ನಾನು ಬಿಚ್ಚಿಕೊಂಡಿದ್ದ ತಂತಿಯ ಸುರುಳಿ ಮತ್ತು ಬಲ್ಬು ನನ್ನ ಸೆರಗಿನ ಗಂಟಿನಲ್ಲಿದ್ದವು.

ಮರುದಿನ ಮುಂಜಾನೆ ಎದ್ದು, ಮುಖ ತೊಳೆದು, ನನ್ನ ಮದುವೆಯ ತಾಮ್ರದ ಕೊಡ ಸೊಂಟಕ್ಕಿಟ್ಟುಕೊಂಡು ಬಾವಿ ದಾಟಿ ಹೋದೆ. ಕಂಚಗಾರ ಇನ್ನೂ ಕುಲುಮೆ ಹೊತ್ತಿಸುತ್ತಿದ್ದ.

“ಗಂಡನ್ನ ಕೇಳಿ ಬಂದೀಯೇನವ್ವಾ?”

“ಕೊಡ ನಮ್ಮಪ್ಪ ಕೊಟ್ಟದ್ದು. ನೀ ಕತ್ರಿ ತಗಿ” ಎಂದೆ.

ಅವನು ಕತ್ತರಿಸುವಷ್ಟರಲ್ಲಿ ನಾನು ಕುಂಬಾರನ ಮನೆಗೆ ಹೋಗಿ ಬೆವರುವ ಗಡಿಗೆ ಹೇಳಿಬಂದೆ.